ಸಮುದ್ರದ ಮೇಲೆ ಏಳೂವರೆ ಗಂಟೆ

ಗುತ್ತಲು, ಮಂಡ್ಯ
೮-೭-೧೯೭೫

ಮನೀಲಾದಲ್ಲಿರುವ ನನ್ನವರಿಗೆ ಕನಕಲಕ್ಷ್ಮಿಯ ನಮಸ್ಕಾರಗಳು.

ಹೇಗಿದ್ದೀರಿ? ಗದ್ದೆಯ ನೀರಿನಲ್ಲಿ ನಿಂತು ನಿಂತು ಬೆರಳ ಸಂದಿಯೆಲ್ಲ ಹುಣ್ಣಾಗಿದೆ ಎಂದಿದ್ದಿರಲ್ಲ, ವಾಸಿಯಾಯಿತೆ? ಇಲ್ಲಿ ವಿ.ಸಿ. ಫಾರಂನಲ್ಲಿ ಕೆಲಸಕ್ಕಿದ್ದಾಗ ಸಂಜೆ ಎಣ್ಣೆ ಹಚ್ಚಲು ನಾನಿದ್ದೆ. ಆ ಭತ್ತದ ತಳಿಗಳ ಮೇಲಿರುವ ಅಕ್ಕರೆಯಲ್ಲಿ ಅರ್ಧದಷ್ಟು ನಿಮ್ಮ ಮೈಮೇಲೆ ಇದ್ದಿದ್ದರೆ ನನಗೆ ಈ ಯೋಚನೆ ಇರುತ್ತಿರಲಿಲ್ಲ. ನಿಮ್ಮ ಅಮ್ಮ ಗಟ್ಟಿಯಾಗಿದ್ದಾರೆ. ನನ್ನನ್ನು ಬೈಯುವಷ್ಟು ಶಕ್ತಿಯಂತೂ ಇದೆ.

ನಿಮ್ಮ ಕಾಗದ ಬಂದ ದಿನದಿಂದ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮೂರು ವರ್ಷದ ಕೆಲಸ, ಇರಲು ಮನೆ ಕೊಡುತ್ತಾರೆ, ಅಮ್ಮನನ್ನು ಕರೆದುಕೊಂಡು ಬಾ, ಇಲ್ಲವೆಂದರೆ ಈಗಲೇ ತಿಳಿಸು, ಮನೆ ಬೇರೆಯವರ ಪಾಲಾಗುತ್ತದೆ ಎಂದು ಬರೆದಿದ್ದೀರಿ. ಮದ್ರಾಸಿನಿಂದ ಸಿಂಗಪುರಕ್ಕೆ ಸಾವಿರದ ಎಂಟುನೂರು ಮೈಲಿ, ನಾಲ್ಕು ಗಂಟೆ. ಅಲ್ಲಿಂದ ಮನೀಲಾಕ್ಕೆ ಸಾವಿರದ ಐನೂರು ಮೈಲಿ, ಮೂರೂವರೆ ಗಂಟೆ. ನಾನಂತೂ ದಿನವೂ ಹೋಗಿಬರುತ್ತಿದ್ದೇನೆ. ಬೆಳಿಗ್ಗೆ ದೋಸೆಗೆ ಅಕ್ಕಿ ನೆನೆಹಾಕಿ ವಿಮಾನ ಹತ್ತುತ್ತೇನೆ. ಬಟ್ಟೆ ಒಗೆಯುವಾಗ ಕೆಳಗೆಲ್ಲ ನೀಲಿ ನೀರು. ರುಬ್ಬಲು ಕೂರುವ ಹೊತ್ತಿಗೆ ಸಿಂಗಪುರ. ಗುಂಡು ತಿರುಗುತ್ತಿದ್ದಂತೆ ಮತ್ತೆ ಮೋಡದ ಮೇಲೆ. ಮಿಕ್ಕ ಕೆಲಸ ಮುಗಿಸಿ ಕೈ ತೊಳೆದರೆ ನೀವು ಷರಾಯಿ ಮೊಣಕಾಲಿಗೆ ಮಡಚಿಕೊಂಡು ಬದುವಿನ ಮೇಲೆ ನಿಂತಿರುತ್ತೀರಿ, ಇಷ್ಟು ಬೇಗ ಬಂದೆಯಾ ಎನ್ನುತ್ತೀರಿ. ಹೋದ ವಾರ ಮಳವಳ್ಳಿಗೆ ತವರಿಗೆಂದು ಹೊರಟೆ. ಮದ್ದೂರಿನಲ್ಲಿ ಬಸ್ಸಿಗೆ ಕಾದು ಕಾದು ಮನೆ ಮುಟ್ಟಲು ನಾಲ್ಕು ಗಂಟೆ ಹಿಡಿಯಿತು. ಹಾಲಿನ ಚಲುವಮ್ಮನಿಗೆ ಹೇಳಿದರೆ, “ಅಯ್ಯೋ, ಅಷ್ಟೊತ್ಗೆ ನಮ್ ಅಯ್ನೋರ್ ತಾವ್ಕೆ ಅರ್ಧ ದಾರಿ ಓಗ್ಬುಡ್ಬೋದಿತ್ತಲ್ರವ್ವಾ!” ಎಂದು ನಕ್ಕಳು. ನನಗೆ ಅಳು ಬಂತು.

ಆದರೆ ಅತ್ತೆಯವರು ಮಡಿಯಲ್ಲಿ ತಾವೇ ಬೇಯಿಸಿದ್ದನ್ನು ಬಿಟ್ಟು ಬೇರೆ ತುತ್ತು ಬಾಯಿಗಿಟ್ಟವರಲ್ಲ. ವಿಮಾನದ ಊಟ ಯಾರು ಬೇಯಿಸಿದ್ದೋ ಏನೋ. ಈ ವಯಸ್ಸಿನಲ್ಲಿ ಅವರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿ ಕರೆತರಲಾರೆ, ಇಲ್ಲಿ ಒಬ್ಬರನ್ನೇ ಬಿಟ್ಟೂ ಬರಲಾರೆ. ಬರುತ್ತೀರಾ ಎಂದು ಕೇಳಲು ನನಗೆ ಧೈರ್ಯವೇ ಆಗಲಿಲ್ಲ. ಮನೆ ಬೇರೆಯವರಿಗೆ ಕೊಡಲಿ. ನಾನು ಬರುವುದಿಲ್ಲ. ನಿಮ್ಮನ್ನು ನೋಡಬೇಕೆಂಬ ಆಸೆ ಎಷ್ಟಿದೆ ಎಂದು ಬರೆಯಲು ಈ ಕಾಗದ ಸಾಲದು. ಮೂರು ವರ್ಷ ತಾನೆ, ಕಳೆಯುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಚೆಲುವನಾರಾಯಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಕನಕ

ತಾ.ಕ.: ಅಂಟು ಹಚ್ಚುವ ಮುಂಚೆ ಎಂದಿನಂತೆ ಅತ್ತೆಯವರಿಗೆ ಓದಿ ಹೇಳಿದೆ. ಅವರ ವಿಷಯ ಬಂದಾಗ ಹಾರಿಸಿದೆ. “ನಿಲ್ಸು. ಕಣ್ಣು ಅಷ್ಟು ಸಾಲು ಓಡ್ತು, ಬಾಯಿ ಯಾಕೆ ಸುಮ್ನಾಯ್ತು?” ಎಂದರು. ಓದಲೇಬೇಕಾಯಿತು. ಎಷ್ಟು ಗಂಟೆ ಹಾರಬೇಕು ಎಂದರು. ಏಳೂವರೆ, ಸಿಂಗಪುರದಲ್ಲಿ ಕಾಯುವುದು ಬೇರೆ ಎಂದೆ. “ನಲವತ್ತು ವರ್ಷದಿಂದ ಏಕಾದಶಿಗೆ ತೊಟ್ಟು ನೀರಿಲ್ಲದೆ ಇರ್ತೀನಿ. ಕೇಳೋಕೆ ನಿನಗೆ ಬಾಯಿರ್ಲಿಲ್ವೇನೇ? ನನ್ನ ಮಗನ್ನ ನಾನು ನೋಡ್ಬೇಡ್ವೇನೇ?” ಎಂದು ಬೈದು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬೇರೆ ಕಾಗದ ಬರೆಯಲು ಹೊತ್ತಿಲ್ಲ, ಟಪಾಲು ಹೊರಡುತ್ತದೆ. ಮನೆ ಬಿಡಬೇಡಿ. ಟಿಕೆಟ್ ಎರಡು ತೆಗೆಸಿ, ಏಕಾದಶಿಯ ದಿನಕ್ಕೇ ತೆಗೆಸಿ.