ಕೆಂಪು ಮೇಲೆ, ಹಸಿರು ಕೆಳಗೆ

ಫೆಬ್ರವರಿ 4, ಮಂಗಳವಾರ

ಇವತ್ತೂ ರಟ್ಟು ಕತ್ತರಿಸುವ ಕೆಲಸ. ಬೆರಳಿಗೆಲ್ಲ ಅಂಟು. ಹರಿದುಹೋದ ಪುಸ್ತಕಗಳ ರಟ್ಟು ಕಿತ್ತು, ಅಂಗೈಯಗಲ ಕತ್ತರಿಸಿ, ಒಂದು ಬದಿಗೆ ಹಸಿರು ಬಟ್ಟೆ, ಇನ್ನೊಂದು ಬದಿಗೆ ಕೆಂಪು. ಟೀ ಲೋಟದ ಕೆಳಗೆ ಇಡುವುದಕ್ಕೆ. ಹಸಿರು ಮೇಲಿದ್ದರೆ ಮಾತಾಡಿಸಬಹುದು. ಕೆಂಪು ಮೇಲಿದ್ದರೆ ಬೇಡ.

ಎಲ್ಲ ನಮ್ಮ ಚೀಫ್ ಲೈಬ್ರರಿಯನ್ ಐಡಿಯಾ. ಮಾತು ಕಡಿಮೆ ಇರುವವರಿಗಾಗಿ ಗುರುವಾರ ಸಂಜೆ ಲೈಬ್ರರಿಯಲ್ಲೊಂದು ಕೂಟ. ಬರಬಹುದು, ಕೂರಬಹುದು, ಎದ್ದು ಹೋಗಬಹುದು. ಯಾರೂ ಪರಿಚಯ ಹೇಳಿಕೊಳ್ಳಬೇಕಾಗಿಲ್ಲ. ನಡೆಸುವವಳು ನಾನು! ಇಶ್ಯೂ ಕೌಂಟರಿನ ಮಾತಿನ ಮಲ್ಲಿ. 'ಸದ್ದು ಮಾಡಬೇಡಿ' ಬೋರ್ಡನ್ನು ನನ್ನ ಕುರ್ಚಿಯ ಎದುರಿಗೇ ಯಾಕೆ ತೂಗುಹಾಕಿದ್ದಾರೆಂದು ಎಲ್ಲರಿಗೂ ಗೊತ್ತು. ಕುರಿ ಕಾಯಲು ತೋಳವನ್ನು ಇಟ್ಟ ಹಾಗೆ.

ಫೆಬ್ರವರಿ 6, ಗುರುವಾರ

ಮಣ್ಣು ಮುಕ್ಕಿದೆ.

ಏಳೆಂಟು ಜನ ಬಂದಿದ್ದರು. ಎಲ್ಲರ ರಟ್ಟೂ ಕೆಂಪು. ಪಾಪ, ಗೊತ್ತಾಗಿಲ್ಲ ಅಂದುಕೊಂಡೆ. ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ, "ತಿರುಗಾ ಮುರುಗಾ ಇಟ್ಟಿದೀರಿ ನೋಡಿ" ಅಂತ ಲೋಟ ಎತ್ತಿ ಎಲ್ಲ ಹಸಿರು ಮಾಡಿದೆ. ಟೀ ಬಗ್ಗಿಸುತ್ತ ಒಬ್ಬರನ್ನು ಏನು ಕೆಲಸ ಅಂತ ಕೇಳಿದೆ, ಇನ್ನೊಬ್ಬರನ್ನು ಮಕ್ಕಳೆಷ್ಟು ಅಂತ ಕೇಳಿದೆ. ಒಬ್ಬ ಬಸ್ ಡ್ರೈವರ್, ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದವರು, ರಟ್ಟನ್ನು ಮೆಲ್ಲಗೆ ತಿರುಗಿಸಿದರು.

"ನಾನು ಸರಿಯಾಗೇ ಇಟ್ಟಿದ್ದೆ ಮೇಡಂ."

ಟೀ ಆರುವಷ್ಟರಲ್ಲಿ ಅರ್ಧ ಹಾಲ್ ಖಾಲಿ. ಚೀಫ್ ಹಣೆ ಹಣೆ ಚಚ್ಚಿಕೊಂಡರು. "ಅವರು ಬಂದಿದ್ದೇ ಕೆಂಪಿಗೋಸ್ಕರ ಕಣ್ರೀ." ಕೆಂಪಿಗೋಸ್ಕರ ಮನೆ ಬಿಟ್ಟು ಇಷ್ಟು ದೂರ ಬರಬೇಕೆ? ಮನೆಯಲ್ಲಿ ಗೋಡೆಗಳಿಲ್ಲವೆ?

ಮನೆಗೆ ಬಂದು ಇವರ ಮುಂದೆ ಎಲ್ಲ ಕಾರಿಕೊಂಡೆ. ನಾದಿನಿ ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಯಾವತ್ತಿನಂತೆ.

ಫೆಬ್ರವರಿ 9, ಭಾನುವಾರ

ಶರ್ಟಿಗೆ ಇಸ್ತ್ರಿ ಹಾಕುತ್ತ, ಹವಾಮಾನ ಹೇಳಿದ ಹಾಗೆ ಹೇಳಿದರು ಇವರು.

"ತಂಗಿ ಬೇರೆ ರೂಮ್ ನೋಡ್ತಿದಾಳೆ. ಮುಂದಿನ ತಿಂಗಳು ಹೋಗ್ತಾಳಂತೆ."

"ಯಾಕಂತೆ?"

"ಅವಳನ್ನೇ ಕೇಳು."

ಅವಳನ್ನು ಕೇಳುವುದೂ ಒಂದೇ, ಗೋಡೆಯನ್ನು ಕೇಳುವುದೂ ಒಂದೇ. ಅತ್ತೆ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವಳು ನಾನು. ಇಡೀ ದಿನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕರೆಂಟ್ ಬಿಲ್ಲಿನ ದೂರು ಕೇಳುವ ಕೆಲಸ ಅವಳದು. ಊರವರಿಗೆಲ್ಲ 'ಹೇಳಿ ಸಾರ್, ಹೇಳಿ ಮೇಡಂ'. ಮನೆಯಲ್ಲಿ ಮಾತಾಡಿದರೆ ಮುತ್ತು ಉದುರುತ್ತದೆ.

ಬಾಗಿಲ ಬಳಿ ನಿಂತು ಕೇಳಿಯೇಬಿಟ್ಟೆ. "ನಾನೇನಮ್ಮ ತಪ್ಪು ಮಾಡ್ದೆ?"

"ಏನೂ ಇಲ್ಲ ಅತ್ತಿಗೆ."

ಅಷ್ಟೇ. ಬಯ್ದಿದ್ದರಾದರೂ ತಿರುಗಿ ಬಯ್ಯಬಹುದಿತ್ತು. ಅವಳು ಹೋಗಬಾರದು. ಇವರಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ 13, ಗುರುವಾರ

ಬಾಯಿಗೆ ಬೀಗ. ನಿಜವಾಗಿ — ಪೆಪ್ಪರ್‌ಮಿಂಟ್ ಹಾಕಿಕೊಂಡು ಕೌಂಟರ್ ಹಿಂದೆ ಕೂತೆ. ಒಂದು ಕರಗಿದರೆ ಇನ್ನೊಂದು. ಬಸ್ ಡ್ರೈವರ್ ಮತ್ತೆ ಬಂದರು, ಆಶ್ಚರ್ಯ. ಪುಸ್ತಕ ಬಿಚ್ಚಿ ಕೂತರು. ಪುಟ ತಿರುಗಿಸಿದ್ದನ್ನು ನಾನು ನೋಡಲಿಲ್ಲ. ಹೋಗುವಾಗ, "ಇವತ್ತು ಚೆನ್ನಾಗಿತ್ತು ಮೇಡಂ."

ಏನು ಚೆನ್ನಾಗಿತ್ತು? ಏನೂ ನಡೆಯಲೇ ಇಲ್ಲವಲ್ಲ. ತಲೆ ಸಿಡಿಯುತ್ತಿದೆ.

ಫೆಬ್ರವರಿ 14

ಮೂರು ರಟ್ಟು ಮನೆಗೆ ತಂದು ಊಟದ ಟೇಬಲ್ ಮೇಲೆ ಇಟ್ಟೆ. ಇವರು ನಕ್ಕರು. "ಇನ್ನು ಮೇಲೆ ಊಟ ತಡವಾದ್ರೆ ಫೈನ್ ಹಾಕ್ತೀಯಾ?" ಹಾಕುತ್ತೇನೆ ಅಂದೆ. ನಾದಿನಿಗೆ ನಿಯಮ ವಿವರಿಸಿದೆ. ಸ್ವಲ್ಪ ಉದ್ದವಾಯಿತೇನೋ. ಕೇಳಿಸಿಕೊಂಡಳು. ರಟ್ಟು ಎತ್ತಿ ನೋಡಿದಳು. ಲೋಟ ಇಟ್ಟಳು.

ಕೆಂಪು.

ಫೆಬ್ರವರಿ 17

ಬೆಳಿಗ್ಗೆ ಕೆಂಪು. ಸಂಜೆ ಕೆಂಪು. ನನ್ನದು ಹಸಿರು, ಟೇಬಲ್ಲಿನ ಈಚೆ ಬದಿಗೆ, ಗಿರಾಕಿಯಿಲ್ಲದ ಅಂಗಡಿ ಥರ.

ಫೆಬ್ರವರಿ 20, ಗುರುವಾರ

ಸಿಟ್ಟು.

ಅವಳು ಬಂದಿದ್ದಳು. ಲೈಬ್ರರಿಗೆ, ಕೂಟಕ್ಕೆ. ನನಗೊಂದು ಮಾತು ಹೇಳದೆ. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಜಿಗ್ಸಾ ಚಿತ್ರದ ಚೂರುಗಳನ್ನು ಹರಡಿಕೊಂಡು ಕೂತಳು, ಎದುರಿಗೆ ಬಸ್ ಡ್ರೈವರ್. ಅವಳ ಲೋಟದ ಕೆಳಗೆ — ಹಸಿರು. ಏನೋ ಅಂದಳು. ಅವರೇನೋ ಅಂದರು. ನಕ್ಕಳು. ಅವಳ ಮೇಲಿನ ಹಲ್ಲು ಒಂಚೂರು ಸೊಟ್ಟ ಇದೆ, ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ. ಕೆಟಲ್ ಹಿಡಿದು ಹೋದೆ. "ಏನು ನಗು, ನಮಗೂ ಹೇಳಿ." ಅವಳು ಲೋಟ ಎತ್ತಿ ರಟ್ಟು ತಿರುಗಿಸಿದಳು. ಸಿಟ್ಟಿಲ್ಲ, ಏನಿಲ್ಲ. ದೀಪ ಆರಿಸಿದ ಹಾಗೆ.

ಹೋಗುವಾಗ ಡ್ರೈವರನ್ನು ತಡೆದು ಕೇಳಿದೆ, ನಾಚಿಕೆ ಬಿಟ್ಟು. "ಏನು ಹೇಳಿದ್ಲು ಅವಳು?"

"ಆಕಾಶದ ಒಂದು ಚೂರು ಸಿಗ್ತಿಲ್ಲ ಅಂದ್ರು. ನನ್ನ ಮೊಣಕೈ ಕೆಳಗಿತ್ತು."

ಅಷ್ಟೇ ಅಂತೆ. ಅಷ್ಟೂ ನನಗೆ ಇಲ್ಲವೆ?

ಫೆಬ್ರವರಿ 21

ಇವರ ಜೊತೆ ಜಗಳ. ನಿಮ್ಮ ತಂಗಿಗೆ ದಾರಿಹೋಕರು ಹೆಚ್ಚಾದರು ಅಂದೆ. ಇವರು ಟೇಬಲ್ ಒರೆಸುತ್ತಿದ್ದರು.

"ನಿನ್ನ ಲೋಟದ ಕೆಳಗಿಂದು ಯಾವತ್ತಾದ್ರೂ ಕೆಂಪಾಗಿತ್ತಾ?"

"ಯಾಕಾಗಬೇಕು?"

"ಸುಮ್ನೆ ಕೇಳ್ದೆ."

ಶನಿವಾರ... ಮುಂದಿನ ಶನಿವಾರ ರೂಮಿಗೆ ಅಡ್ವಾನ್ಸ್ ಕೊಡುತ್ತಾಳಂತೆ.

ಫೆಬ್ರವರಿ 27, ಗುರುವಾರ

ಹೆಡ್ ಆಫೀಸಿನಿಂದ ಒಬ್ಬ ಬಂದಿದ್ದ, ಕೂಟ ಹೇಗೆ ನಡೆಯುತ್ತಿದೆ ನೋಡಲು. ನಗುಮುಖ. ಕೈಯಲ್ಲಿ ಮೈಕು. "ಏನಿದು, ಸಾವಿನ ಮನೆ ಥರ" ಅಂದ. ಎಲ್ಲರೂ ಎದ್ದು ನಿಂತು ತಮ್ಮ ಬಗ್ಗೆ ಎರಡು ಮಾತು ಹೇಳಬೇಕಂತೆ. ಚೀಫ್ ಕನ್ನಡಕ ತೆಗೆದು ಒರೆಸತೊಡಗಿದರು.

ಮೊದಲು ಕಿಟಕಿ ಪಕ್ಕದ ಟೇಬಲ್ಲಿಗೇ ಹೋದ. ನಾದಿನಿಯ ರಟ್ಟು ಕೆಂಪಿತ್ತು. ನಾನು ಅಡ್ಡ ನಿಂತೆ. "ಸಾರ್, ಕೆಂಪಿದೆ ನೋಡಿ."

"ಓ, ತಿರುಗಾ ಮುರುಗಾ ಇಟ್ಟಿದಾರೆ" ಅಂತ ನಕ್ಕು, ಅವಳ ಲೋಟ ಎತ್ತಿ ಹಸಿರು ಮಾಡಿದ.

ನನ್ನದೇ ಮಾತು. ಅದೇ ಧಾಟಿ. ಅದೇ ನಗು.

ಅವಳು ಬ್ಯಾಗ್ ಎದೆಗೆ ಅವುಚಿಕೊಂಡು ಎದ್ದಳು. ಮುಖ ಬಿಳಿಚಿಕೊಂಡಿತ್ತು. ಮೈಕು ಮೂಗಿನ ಹತ್ತಿರ. ನಾನು ಮೈಕು ಕಿತ್ತುಕೊಂಡು ಆಫ್ ಮಾಡಿ ಕೌಂಟರಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಒಂದು ಮಾತೂ ಆಡಲಿಲ್ಲ. ಆಡಲು ಬರಲಿಲ್ಲ. ನಾಳೆ ಚೀಫ್ ಕೋಣೆಗೆ ಬರಬೇಕಂತೆ. ಅಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಅದೇ ದಿನ, ರಾತ್ರಿ

ಟೇಬಲ್ಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಇವರು ಏನಾಯ್ತು ಅಂದರು. ಲೋಟದ ಕೆಳಗೆ ಬೆರಳು ತೋರಿಸಿದೆ. ಕೆಂಪು. ಎರಡು ಸಲ ನೋಡಿ, ನಡುಮನೆಗೆ ಹೋದರು.

ಸಾಕಾಗಿದೆ. ಯಾರಿಗೂ ಏನೂ ಹೇಳುವುದು ಬೇಡ ಅನಿಸುತ್ತಿದೆ. ಬಾಯೊಳಗೆ ನಾಲಿಗೆಯೇ ಭಾರ. ಅವಳಿಗೆ ಪ್ರತಿದಿನ ಸಂಜೆ ಹೀಗೇ ಇರುತ್ತದೆಯೆ? ಅಂಥ ಹೊತ್ತಿಗೆ ನಾನು ಕೆಟಲ್ ಹಿಡಿದು...

ಅವಳು ಬಂದಳು. ತಟ್ಟೆ ತಂದಿದ್ದಾಳೆ, ಕೋಣೆಗೆ ಹೋಗಲಿಲ್ಲ. ಎದುರಿಗೆ ಕೂತಳು. ತಲೆ ಎತ್ತದೆ ಬರೆಯುತ್ತಿದ್ದೇನೆ. ಲೋಟ ಇಟ್ಟ ಸದ್ದು.

ಹಸಿರು.

ಏನೂ ಅನ್ನುತ್ತಿಲ್ಲ. ಉಣ್ಣುತ್ತಲೂ ಇಲ್ಲ. ಯಾಕೆ ಸುಮ್ಮನೆ ಕೂತಿದ್ದಾಳೆ — ಓ. ನನ್ನ ಲೋಟ ನೋಡುತ್ತಿದ್ದಾಳೆ. ನಿಯಮ ಹೇಳಿಕೊಟ್ಟವಳು ನಾನೇ ಅಲ್ಲವೆ, ಅಷ್ಟುದ್ದ. ಕಾಯುತ್ತಿದ್ದಾಳೆ. ಪೆನ್ನು ಕೆಳಗಿಟ್ಟು, ನಾನು ಈ ರಟ್ಟು ತಿರುಗಿಸಿ —