ಭೂತಕಾಲದ ಪಾಠ

ಸೇಡಂ ರಸ್ತೆ, ಕಲಬುರಗಿ
18 ಜುಲೈ 2021

ಪ್ರೀತಿಯ ಮಂಜುಷಾ ಅಕ್ಕನಿಗೆ ಮಾಧವಿಯ ನಮಸ್ಕಾರಗಳು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ಈಗ ಅದನ್ನು ಮುಟ್ಟಲಿಕ್ಕೇ ಹೆದರಿಕೆ ನನಗೆ. ಶಾಲೆಯೆಲ್ಲ ಅದರೊಳಗೇ ಇದೆಯಲ್ಲ.

ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದವಳು ಈಗ ಅಕ್ಕಿ ಡಬ್ಬಿಗೆ ಫೋನ್ ಒರಗಿಸಿ ಏಳನೇ ತರಗತಿಗೆ ಕನ್ನಡ ಕಲಿಸುತ್ತೇನೆ. ನೆಟ್ ಉಳಿಯಲೆಂದು ಮಕ್ಕಳು ಕ್ಯಾಮೆರಾ ಹಾಕುವುದಿಲ್ಲ. ಪರದೆ ತುಂಬ ಬರೀ ಹೆಸರುಗಳು. "ಗ್ವಾಡಿಗೆ ಪಾಠಾ ಹೇಳ್ಲಿಕ್ಕತ್ತೀಯೇನು?" ಎಂದು ನಮ್ಮವರು ನಗುತ್ತಾರೆ. ಮೊದಮೊದಲು ನಾನೂ ನಕ್ಕೆ. ತರಗತಿಯಲ್ಲಾದರೆ ಯಾರು ಉಂಡು ಬಂದಿಲ್ಲ, ಯಾರು ಅತ್ತು ಬಂದಿದ್ದಾರೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಈಗ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತಾಗಿದೆ, ಅಕ್ಕಾ.

ಭುವನೇಶ್ವರಿ ಎಂಬ ಹುಡುಗಿಯಿದ್ದಾಳೆ. ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದವರ ಮಗಳು. ಏನು ಕೇಳಿದರೂ ಮೊದಲು ಕೈ ಎತ್ತುವವಳು. ಹೋದ ವಾರ ಅವಳ ಅಪ್ಪ ತೀರಿಕೊಂಡರು. ಅಂದಿನಿಂದ ಅವಳು ಪಾಠಕ್ಕೆ ಬಂದಿಲ್ಲ. ಹೆಡ್ಮಾಸ್ಟರ್ ದೇವೀಂದ್ರಪ್ಪನವರು ಫೋನ್ ಮಾಡಿ, "ಮೇಡಂ, ಆ ಹುಡುಗಿ ಸಾಲಿನೇ ಒಲ್ಲೆ ಅನ್ನಾಕತ್ಯಾಳಂತ್ರೀ. ನಿಮ್ಮ ಮಾತಂದ್ರ ಕೇಳ್ತಾಳ. ಒಂದ್ಸಲ ಮಾತಾಡ್ರಿ" ಎಂದರು. ಹೂಂ ಎಂದೆ. ದಿನಾ ಅವಳ ನಂಬರ್ ತೆಗೆಯುತ್ತೇನೆ, ಫೋನ್ ಇಟ್ಟುಬಿಡುತ್ತೇನೆ. ಬೈದರೆ ಬೈಸಿಕೊಂಡೇನು. "ಟೀಚರ್ರೀ" ಎಂದು ಸುಮ್ಮನಾಗಿಬಿಟ್ಟರೆ ಏನು ಮಾಡಲಿ? ಹುಡುಗಿ ಶಾಲೆ ಬಿಟ್ಟರೆ ಆ ಪಾಪ ನನ್ನದೇ. ನಾಳೆಯಾದರೂ ಮಾಡಲೇಬೇಕು.

ಭಾವನವರಿಗೆ ನಮಸ್ಕಾರ ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ. ರಾಯರು ನಿಮ್ಮನ್ನೆಲ್ಲ ಸುಖವಾಗಿಟ್ಟಿರಲಿ.

ನಿನ್ನ ತಂಗಿ,
ಮಾಧವಿ

ತಾ.ಕ.: ಅಕ್ಕಾ, ಇಷ್ಟೆಲ್ಲ ಬರೆದು ನಿಜವನ್ನೇ ನುಂಗಿದೆ. ತನ್ನಪ್ಪ ಹೋದ ಸುದ್ದಿಯನ್ನು ನನಗೆ ಮೊದಲು ಹೇಳಿದವಳು ಭುವನೇಶ್ವರಿಯೇ. ಅಂದು ಬೆಳಿಗ್ಗೆ ಭೂತಕಾಲದ ಪಾಠ ನಡೆದಿತ್ತು. 'ಹೋಗು' ಕ್ರಿಯಾಪದಕ್ಕೆ ಒಂದು ವಾಕ್ಯ ಹೇಳಿ ಎಂದಿದ್ದೆ. ಅವಳ ಮೈಕ್ ತೆರೆಯಿತು.

"ಟೀಚರ್ರೀ, ನಮ್ಮಪ್ಪ ಹೋದ."

ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. "ತಂದಿಗೆ ಹೋದ ಅಂತಾರೇನು? ಹೋದರು ಅನಬೇಕು. ಇನ್ನೊಮ್ಮೆ ಹೇಳು" ಎಂದೆ.

ಅವಳು ತಿದ್ದಿಕೊಂಡು ಹೇಳಿದಳು: "ನಮ್ಮಪ್ಪ ಹೋದರು."

ನಾನು ಶಾಬಾಸ್ ಎಂದೆ.