ಮೇಷ್ಟ್ರು ಕಟ್ಟಿದ ಗಂಟು

ಅಂಗಡಿಯ ಹಿಂದಿನ ಕೋಣೆ
ಭಾನುವಾರ, ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯೆ? ಹಡಗಿನ ಅಡುಗೆಮನೆಯ ಸೆಕೆಗೆ ಕತ್ತಿನ ತುಂಬ ಬೆವರುಸಾಲೆ ಎದ್ದಿದೆ ಅಂದಿದ್ದೆಯಲ್ಲ, ಕಡಿಮೆಯಾಯ್ತಾ? ಎಲ್ಲರಿಗೂ ಬಡಿಸಿ ನೀನು ಉಪವಾಸ ಬೀಳಬೇಡ. ನಾವೆಲ್ಲ ಚೆನ್ನಾಗಿದ್ದೀವಿ. ನಿನ್ನ ಮಗಳು ಎದ್ದಾಗಿಂದ ಮಲಗೋ ತನಕ ಬಾಯಿ ಮುಚ್ಚಲ್ಲ. ಯಾರ ಹಾಗೆ ಅಂತ ನಾನು ಹೇಳಬೇಕಾಗಿಲ್ಲ.

ನೀನು ರಜೆಗೆ ಬಂದಾಗ ಮೂವರೂ ಸುತ್ತೋದಕ್ಕೆ ಅಂತ ನಿನ್ನ ಗಂಡ, ನಮ್ಮ ಮೇಷ್ಟ್ರು, ಹಳೇ ಕ್ಯಾಂಪರ್ ಗಾಡಿಯೊಂದನ್ನ ತಂದಿದಾರೆ. ಒಳಗೆ ಹಾಸಿಗೆ, ಪುಟ್ಟ ಒಲೆ, ಎಷ್ಟು ಒತ್ತಿದರೂ ಬಾಗಿಲು ಕೂರದ ಕಪಾಟು. ಅದನ್ನ ಕಾರಿನ ಹಿಂದೆ ಎಳೆದುಕೊಂಡು ಹೋಗಬೇಕಾದರೆ ಕಾರಿನ ದೀಪಗಳಿಂದ ವೈರು ಎಳೆದು ಹಿಂದೆ ಸಾಕೆಟ್ಟು ಕೂರಿಸಬೇಕು. ಆಗಲೇ ಕಾರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿಯ ದೀಪಾನೂ ಹತ್ತೋದು. ಮೇಷ್ಟ್ರು ಪುಸ್ತಕ ನೋಡಿಕೊಂಡು ತಾವೇ ಮಾಡಿ ಮುಗಿಸಿದ್ದರು. ಗಾಡಿ ವೈರಿಂಗ್ ಅಂಗಡಿ ಇಟ್ಟವಳು ನಾನು, ಮೂಗು ತೂರಿಸದೆ ಇರೋಕಾಗುತ್ತಾ? ಪಾಠ ಹೇಳೋರು ಹಾಕಿದ ವೈರು ನಂಬಿ ನನ್ನ ಮೊಮ್ಮಗಳನ್ನ ಕಳಿಸಲ್ಲ ಅಂತ ಪೂರ್ತಿ ಕಿತ್ತು, ಹೊಸದು ನಾನೇ ಹಾಕಿದೆ.

ನಿನ್ನೆ ಪರೀಕ್ಷೆ. ಪಕ್ಕದ ಕ್ಷೌರದಂಗಡಿಯವನು ಬಂದ, ಹಿಂದೆಯೇ ಅವನ ಗಿರಾಕಿ, ಮುಖದ ಮೇಲಿನ ಸೋಪು ಒರೆಸದೆ! ಮೇಷ್ಟ್ರು ಬಲಕ್ಕೆ ತಿರುಗೋ ಸಿಗ್ನಲ್ ಕೊಟ್ಟರೆ ಗಾಡಿಯ ಹಿಂದಿನ ಕೆಂಪು ದೀಪ ಮಿಣುಕ್ ಮಿಣುಕ್ ಅಂತು. ಹೆಡ್‌ಲೈಟ್ ಹಾಕಿದರೆ ಬಲಗಡೆ ಸಿಗ್ನಲ್ ಹತ್ತಿ ಹಾಗೇ ನಿಂತುಬಿಡ್ತು. ಕ್ಷೌರದವನು ಬಿದ್ದು ಬಿದ್ದು ನಕ್ಕ. ಅಷ್ಟರಲ್ಲಿ ನಿನ್ನ ಗಂಡ ಕಾರಿಂದ ಇಳಿದು, "ಅಯ್ಯೋ, ನಾನೇ ವೈರು ಅದಲುಬದಲು ಮಾಡಿಬಿಟ್ಟಿದೀನಿ" ಅಂದರು ಕಣೇ. ಅವರು ಹಾಕಿದ್ದ ವೈರು ಒಂದು ಗೇಣೂ ಉಳಿದಿರಲಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ನಾನೇನು ಮಾಡಿದೆ ಹೇಳು? ಸೊಂಟಕ್ಕೆ ಕೈ ಇಟ್ಟುಕೊಂಡು, "ಇನ್ಮೇಲೆ ನನ್ನ ಸಾಮಾನು ಮುಟ್ಟಬೇಡಿ ಮೇಷ್ಟ್ರೇ" ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈದೆ. ನಿನ್ನ ಮಗಳು ಬಾಯಿ ಮುಚ್ಚಿಕೊಂಡು ಅಪ್ಪನ ಮುಖ ನೋಡಿದಳು. ಅವರು ತಲೆ ತಗ್ಗಿಸಿ ಸ್ಪ್ಯಾನರ್ ಎತ್ತಿಡ್ತಿದ್ದರು. ಥೂ, ನನ್ನ ಜನ್ಮಕ್ಕೆ!

ಸಂಜೆ ಒಬ್ಬಳೇ ಕೂತು ಸರಿಮಾಡಿದೆ. ಎಲ್ಲ ದೀಪಾನೂ ಹತ್ತಬೇಕಾದ ಹಾಗೆ ಹತ್ತಿದವು. "ಅತ್ತೆ ಕೈ ಇಟ್ಟರೆ ಮುಗೀತು" ಅಂತ ಮೇಷ್ಟ್ರು ಚಪ್ಪಾಳೆ ತಟ್ಟಿದರು. ನಿಂತ ನೆಲ ಬಾಯಿಬಿಡಬಾರದಾ ಅನ್ನಿಸ್ತು ನನಗೆ.

ಮೈ ಕಡೆ ಗಮನ ಇರಲಿ. ಹೊತ್ತುಹೊತ್ತಿಗೆ ತಿನ್ನು. ತಣ್ಣಗಿರು ಮಗಳೇ.

ನಿನ್ನ
ಬಾಯಿಬಡುಕಿ ಅಮ್ಮ

ತಾ.ಕ.: ಲಕೋಟೆ ಅಂಟಿಸೋಕೆ ಹೋದೆ, ಮನಸ್ಸು ಒಪ್ಪಲಿಲ್ಲ. ಬಲಗಡೆ ಸಿಗ್ನಲ್‌ನ ಹಸಿರು ವೈರು, ಹಿಂದಿನ ಕೆಂಪು ದೀಪದ ಕಂದು ವೈರು ನನಗೆ ಒಂದೇ ಥರ ಕಾಣ್ತಿವೆ ಕಣೇ. ಇವತ್ತು ಬಿಸಿಲಿಗೆ ಹಿಡಿದು ನೋಡಿದೆ, ಹಾಗೇ. ನಿನ್ನೆ ಸಂಜೆ ಏನೂ ತೋಚದೆ ಕೂತಾಗ ಬೆರಳಿಗೆ ಏನೋ ತಗುಲಿತು. ಕಾರಿನ ದೀಪದ ಕಡೆಯಿಂದ ಬಂದ ವೈರುಗಳಲ್ಲಿ ಒಂದಕ್ಕೆ ದಾರದ ಒಂದು ಗಂಟು, ಇನ್ನೊಂದಕ್ಕೆ ಎರಡು. ಸಾಕೆಟ್ಟಿನ ವೈರುಗಳಿಗೂ ಹಾಗೇ. ಒಂದಕ್ಕೆ ಒಂದು, ಎರಡಕ್ಕೆ ಎರಡು ಅಂತ ಸವರಿಕೊಂಡು ಜೋಡಿಸಿದೆ. ಮೇಷ್ಟ್ರು ಯಾವಾಗ ಬಂದು ಕಟ್ಟಿದರೋ, ಒಂದು ಮಾತು ಆಡಿಲ್ಲ. ನನ್ನನ್ನ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋಕೆ ಅವರಿಗೆ ನೀನೇ ಹೇಳು, ನನಗೆ ಬಾಯಿ ಬರ್ತಿಲ್ಲ. ತಪ್ಪಾಯ್ತು ಅನ್ನೋದನ್ನ ಮಾತ್ರ ನಾನೇ ಹೇಳ್ತೀನಿ, ಬೀದಿಗೆಲ್ಲ ಕೇಳೋ ಹಾಗೆ.